ಕಲ್ಲಿನ ಚರ್ಮ ಸುಲಿಯುವವನು

ಐಗಳಿಯಲ್ಲಿ ನಮ್ಮ ಕಾಕಾನದು, ಅಂದರೆ ಅಪ್ಪನ ತಮ್ಮನದು, ದೊಡ್ಡ ದ್ರಾಕ್ಷಿ ತೋಟ. ಸಾಯುವ ಹಿಂದಿನ ವಾರ ಅಜ್ಜಿ ಬಾಯಿ ಒಣಗುತ್ತಿದೆ, ಎರಡು ದ್ರಾಕ್ಷಿ ಕೊಡಿ ಎಂದಳು. ತೋಟದಲ್ಲಿ ಕೊಯ್ಲು ನಡೆದಿತ್ತು. ಬಳ್ಳಿಯ ಬುಡದಲ್ಲಿ ಉದುರಿ ಒಡೆದಿದ್ದ ಹಣ್ಣುಗಳನ್ನು ಆರಿಸಿ ಕಾಕಾ ನನ್ನ ಕೈಗೆ ಹಾಕಿದ.

"ಛಲೋ ಗೊನಿ ಯಾಕ ಕೆಡಸೂದು? ಮುದುಕಿಗೆ ರುಚಿ ಎಲ್ಲಿ ತಿಳಿತೈತಿ?"

ಹೆತ್ತ ತಾಯಿಯ ಬಗ್ಗೆ ಆಡಿದ ಮಾತದು. ನಾನಾಗ ಏಳನೆಯ ತರಗತಿಯ ಹುಡುಗಿ. ಎಷ್ಟು ತೊಳೆದರೂ ಅವುಗಳಲ್ಲಿ ಮರಳು ಉಳಿದಿತ್ತು. ಅಜ್ಜಿ ಉಗುಳಿದ್ದನ್ನು ಅಂಗೈಯಲ್ಲಿ ಹಿಡಿದವಳು ನಾನೇ.

ಮುಂದೆ ಚಿಕ್ಕೋಡಿಯಲ್ಲಿ ಇಂಗ್ಲಿಷ್ ಶಿಕ್ಷಕಿಯಾದೆ. ಒಂದು ದಿನ ನಿಘಂಟಿನಲ್ಲಿ ‘ಸ್ಕಿನ್‌ಫ್ಲಿಂಟ್’ ಎಂಬ ಪದ ಕಣ್ಣಿಗೆ ಬಿತ್ತು. ‘ಸ್ಕಿನ್’ ಎಂದರೆ ಚರ್ಮ ಸುಲಿಯುವುದು, ‘ಫ್ಲಿಂಟ್’ ಎಂದರೆ ಚಕಮಕಿ ಕಲ್ಲು. ಏನಾದರೂ ಸಿಗುವುದಾದರೆ ಇವನು ಕಲ್ಲಿನ ಚರ್ಮವನ್ನೂ ಸುಲಿದಾನು ಎಂದು ಹಿಂದೆ ಇಂಗ್ಲಿಷರು ಜಿಪುಣನನ್ನು ಹಂಗಿಸುತ್ತಿದ್ದರಂತೆ. ಆ ಹಂಗಿಸುವ ಮಾತೇ ಕುಗ್ಗಿ ಒಂದು ಪದವಾಯಿತು. ಓದುತ್ತಲೇ ಕಾಕಾನ ಮುಖ ಎದುರಿಗೆ ಬಂತು. ಪದವನ್ನು ಮರೆಯಲಿಲ್ಲ.

ಹೋದ ವರ್ಷ ಅವನೇ ಫೋನ್ ಮಾಡಿದ. "ಒಣದ್ರಾಕ್ಷಿ ಒಯ್ಯಾಕ ಹೊರಗಿನ ವ್ಯಾಪಾರಸ್ಥರು ಬರತಾರ. ನನ್ನ ಬಗ್ಗೆ ಇಂಗ್ಲಿಷ್‌ನ್ಯಾಗ ನಾಕ ಸಾಲ ಬರದ ಕೊಡ ಬೇ, ಫ್ರೇಮ್ ಹಾಕಸ್ತೀನಿ."

ಬರೆದೆ. ಮೂರನೆಯ ಸಾಲಿನಲ್ಲಿ, ಈ ಭಾಗದ ಹೆಸರಾಂತ ಸ್ಕಿನ್‌ಫ್ಲಿಂಟ್ ಎಂದು ಸೇರಿಸಿದೆ.

"ಇದೇನಂದ್ರ?" ಎಂದು ಕೇಳಿದ.

"ಕಲ್ಲಿನ್ಯಾಗಿಂದನೂ ಫಾಯ್ದೆ ತಗಿಯಾಂವ ಅಂತ್ರಿ, ಕಾಕಾ."

"ಭಾರಿ ಬರದಿ!"

ಫ್ರೇಮು ಪಡಸಾಲೆಯ ಗೋಡೆಯೇರಿತು. ನೋಡಲೆಂದೇ ಹೋದೆ. ಪುಣೆಯ ವ್ಯಾಪಾರಿಯೊಬ್ಬ ಅದನ್ನು ಓದಿ ತುಟಿ ಕಚ್ಚಿಕೊಂಡು ನಗು ತಡೆದ. ಅಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಹಬ್ಬ.

ನಿಪ್ಪಾಣಿಯಲ್ಲಿ ಓದುವ ಅವನ ಮೊಮ್ಮಗಳು ರಜೆಗೆ ಬಂದಾಗ ಗುಟ್ಟು ಹೊರಬಿತ್ತು. ಕಾಕಾ ಫೋನಿನಲ್ಲಿ ಕೂಗಾಡಿದ. "ಮಂದಿ ಮುಂದ ಮರ್ಯಾದಿ ಕಳದಿ! ನಾ ನಿನಗ ಏನ ಮಾಡೀನಿ?"

ಅಜ್ಜಿಯ ಬಾಯಲ್ಲಿದ್ದ ಮರಳಿನ ಕತೆ ಹೇಳಿದೆ.

"ಅಂಥಾದ್ದೇನೂ ನನಗ ನೆನಪಿಲ್ಲ" ಎಂದ.

ಅಲ್ಲಿಯವರೆಗೆ ಮನಸ್ಸಿನ ಮೂಲೆಯಲ್ಲಿ ಸ್ವಲ್ಪ ಅಳುಕಿತ್ತು. ಆ ಮಾತು ಕೇಳಿದ ಮೇಲೆ ಅದೂ ಹೋಯಿತು. "ನನಗ ಐತ್ರಿ" ಎಂದು ಫೋನ್ ಇಟ್ಟೆ.

ಹೊಸ ಫ್ರೇಮು ಮಾಡಿಸಲು ಅವನಿಗೆ ಮನಸ್ಸಾಗಲಿಲ್ಲ. ಬ್ಲೇಡಿನಿಂದ ಆ ಒಂದು ಪದವನ್ನಷ್ಟೇ ಕೆರೆದು, ಅದನ್ನೇ ಮತ್ತೆ ತೂಗುಹಾಕಿದ್ದಾನೆ. ಅವನ ಹೆಂಡತಿ, ನಮ್ಮ ಕಾಕು, ಸಿಕ್ಕಾಗಲೆಲ್ಲ, "ತಪ್ಪಾತು ಅಂದಬಿಡ, ಮುಗೀತೈತಿ" ಎನ್ನುತ್ತಾಳೆ.

ನಾನಿನ್ನೂ ಅಂದಿಲ್ಲ.