ಏನೂ ಇಲ್ಲ, ಬರ್ಕಳವ್ವ

ಹಳೇಕೋಟೆಯ ನಮ್ಮ ದೊಡ್ಡಪ್ಪ ಹೆಂಡತಿಯ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ. ಬಳೆಗಾರ ದೊಡ್ಡಮ್ಮನಿಗೆ ಯಾವ ಬಣ್ಣ ಬೇಕೆಂದರೂ, ಹೋಟೆಲಿನವನು ಕಾಫಿಗೆ ಸಕ್ಕರೆ ಹಾಕಲಾ ಅಂದರೂ, ಹೆಗಲ ಟವೆಲ್ಲು ಕೊಡವಿ ಉತ್ತರ ಕೊಡುವವನು ಅವನೇ.

ಹಾಸನದ ಸ್ಕ್ಯಾನಿಂಗ್ ಸೆಂಟರಿನಲ್ಲೂ ಹಾಗೇ ಆಯಿತು. ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ನರಕ್ಕೆ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ನಿಗೆ ಮುಂಚೆ ನರ್ಸ್ ದೊಡ್ಡಮ್ಮನನ್ನು ಕೇಳಿದಳು: "ಕಿಡ್ನಿ ತೊಂದ್ರೆ ಇದ್ಯಾಮ್ಮ? ಈ ಇಂಜೆಕ್ಷನ್ ಮುಂಚೆ ತಗೊಂಡಾಗ ಏನಾದ್ರೂ ಆಗಿತ್ತಾ?"

"ಏನೂ ಇಲ್ಲ, ಬರ್ಕಳವ್ವ," ಎಂದ ದೊಡ್ಡಪ್ಪ.

ಹಿಂದಿನ ಸಲ ಚನ್ನರಾಯಪಟ್ಟಣದ ಮಗಳು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದಾಗ ಇದೇ ಇಂಜೆಕ್ಷನ್ನಿಗೆ ದೊಡ್ಡಮ್ಮನ ಮೈಯೆಲ್ಲ ದದ್ದೆದ್ದಿತ್ತು. ದೊಡ್ಡಪ್ಪ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

"ವಾದ್ ಸಲ..." ಎಂದಳು ದೊಡ್ಡಮ್ಮ.

"ಸುಮ್ಕಿರು ನೀನು, ನಾನ್ ಏಳ್ತಿಲ್ವಾ?"

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ಅವಳ ಮುಖ ಊದಿಕೊಂಡಿತು, ಉಸಿರು ಕಟ್ಟಿತು. ಎಲ್ಲರೂ ಓಡಿ ಬಂದು ಹೇಗೋ ಉಳಿಸಿದರು.

ಮರುದಿನ ವಾರ್ಡಿನಲ್ಲಿ, ದದ್ದಿನ ಸಂಗತಿಯನ್ನು ಮಗಳಿಂದ ಕೇಳಿದ್ದ ಡಾಕ್ಟರು ದೊಡ್ಡಮ್ಮನ ಮಂಚದ ಕಡೆ ಬಗ್ಗಿದರು. "ಮೊದಲೇ ಯಾಕಮ್ಮ ಹೇಳಲಿಲ್ಲ?"

ದೊಡ್ಡಮ್ಮ ಬಾಯಿ ತೆರೆದಳು.

"ಅವ್ಳು ಮಾತು ಕಮ್ಮಿ ಸಾ," ಎಂದ ದೊಡ್ಡಪ್ಪ.