ಅಕ್ಕನ ಕಾಲಿನ ನಾರು

ಮೊದಲು ತುರಿಕೆ. ಆಮೇಲೆ ಎಡಗಾಲಿನ ಹರಡಿನ ಮೇಲೆ ಅವರೆಕಾಳಿನಷ್ಟು ಒಂದು ಬೊಕ್ಕೆ. ಅಕ್ಕ ಅದನ್ನು ನೋಡಿ ನಕ್ಕಳು.

"ಊರ ಮಂದಿದೆಲ್ಲಾ ತಗದ್ನಿ. ಈಗ ನನ್ನ ಕಾಲಾಗ ಬಂದು ಕುಂತೈತಿ ನೋಡೋ ತಮ್ಮಾ."

ನಾರುಹುಣ್ಣು ನಮ್ಮ ಕಡೆ ಹೊಸದಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರು ಕಾಲು ಚಾಚಿ ಕೂತಿರುತ್ತಾರೆ. ಬೊಕ್ಕೆ ಒಡೆದು ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟೇ ಎಳೆಯಬೇಕು. ಬಿಗಿ ಹತ್ತಿದರೆ ನಿಲ್ಲಿಸಬೇಕು. ಹರಿದರೆ ಒಳಗೆ ಉಳಿದ ತುಂಡು ವಿಷವಾಗುತ್ತದೆ. ಆ ಕೆಲಸಕ್ಕೆ ಊರಿನವರಿಗೆಲ್ಲ ಅಕ್ಕನ ಕೈಯೇ ಬೇಕು. ಸುತ್ತಲಿನ ಊರುಗಳಿಂದಲೂ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಅವಳ ಕೈಯಲ್ಲಿ ಒಂದೂ ಹರಿದಿರಲಿಲ್ಲ.

ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಕ್ಕ. ನಾನು ಮೊಲೆ ಬಿಡುವ ಮೊದಲೇ ಅವ್ವ ಪ್ಲೇಗಿನಲ್ಲಿ ಹೋದಳು. ನನ್ನನ್ನು ಸಾಕಿದವಳು, ಅಯ್ಯನವರ ಮಠದಲ್ಲಿ ಎರಡು ವರ್ಷ ಅಕ್ಷರ ಕಲಿಯಲು ಕಳಿಸಿದವಳು, ಬಸವ್ವನನ್ನು ನನಗೆ ಹೆಂಡತಿಯಾಗಿ ತಂದವಳು ಅವಳೇ. ರೊಟ್ಟಿ ಬಡಿದವಳೇ ಮೊದಲು ಉಣ್ಣಬೇಕೆಂದು ಕಟ್ಟಳೆ ಮಾಡಿದ್ದಳು. ಊರಲ್ಲಿ ಬೇರೆ ಯಾವ ಮನೆಯಲ್ಲೂ ಅದಿರಲಿಲ್ಲ. ತೊಯ್ದ ನೂಲನ್ನು ಹಿಟ್ಟಿನ ಮುದ್ದೆಯಲ್ಲಿ ಹುದುಗಿಸಿಟ್ಟು, ಹರಿಯದಂತೆ ಎಳೆಯುವುದನ್ನು ಬಸವ್ವನಿಗೆ ಕಲಿಸಿದ್ದೂ ಅವಳೇ. ಎಪ್ಪತ್ತು ದಾಟಿ ಕಣ್ಣು ಮಂಜಾದಾಗ ತನ್ನ ಕಾಲನ್ನು ಬಸವ್ವನ ತೊಡೆಯ ಮೇಲಿಟ್ಟಳು.

ಹದಿನೈದು ದಿನ ಎಲ್ಲ ಸರಿಯಾಗಿತ್ತು.

ಸೋಮವಾರ ನನ್ನ ಮಗಳನ್ನು ನೋಡಲು ಕುಷ್ಟಗಿಯಿಂದ ಬೀಗರು ಬರುವವರಿದ್ದರು. ಅಕ್ಕ ಎದುರಿಗೆ ಕೂತು ಮಾತಾಡದೆ ನಮ್ಮ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಅಕ್ಕನೋ ಪಡಸಾಲೆಯಲ್ಲಿ ಕಾಲಿಗೆ ಅರಿವೆ ಸುತ್ತಿಕೊಂಡು ಮಲಗಿದ್ದಳು. ವಾಸನೆ ಬರುತ್ತಿತ್ತು. ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ನನ್ನನ್ನು ಸಾಕಿದವಳ ಕಾಲಿಗೆ ನಾಚಿದೆ.

ಶುಕ್ರವಾರ ಮಧ್ಯಾಹ್ನ ಬಸವ್ವ ಹೊಲಕ್ಕೆ ಹೋಗಿದ್ದಳು. ಅಕ್ಕನಿಗೆ ನಿದ್ದೆ ಹತ್ತಿತ್ತು. ಸೋಮವಾರದೊಳಗೆ ಮುಗಿಸಬೇಕೆಂದು ನಾನೇ ಹುಣ್ಣಿಗೆ ಬಿಸಿನೀರು ಬಿಟ್ಟು ಕಡ್ಡಿ ತಿರುವಿದೆ. ಒಂದು ಗೇಣು ಸರಾಗ ಬಂತು. ಇನ್ನೇನು ಮುಗಿಯಿತು ಅನ್ನಿಸಿತು. ಬಿಗಿ ಹತ್ತಿತು. ನಾನು ನಿಲ್ಲಿಸಲಿಲ್ಲ.

ಹರಿಯಿತು.

ಅಕ್ಕ ನಿದ್ದೆಯಲ್ಲೇ ಕಾಲು ಕೊಡವಿದಳು. ತುಂಡನ್ನು ಕಡ್ಡಿಗೆ ಸುತ್ತಿ, ಅರಿವೆ ಮೊದಲಿನಂತೆಯೇ ಕಟ್ಟಿ, ಎತ್ತಿಗೆ ನೀರು ಕುಡಿಸಲು ಹೋದೆ.

ಸಂಜೆ ಬಸವ್ವ ಕಟ್ಟು ಬಿಚ್ಚಿದವಳು ಹಾಗೇ ಕೂತುಬಿಟ್ಟಳು.

"ಅಕ್ಕಾರ, ಹರದೈತ್ರೀ."

"ಹೆಂಗ ಹರೀತು?"

"ನಾ ಮುಂಜಾನೆ ಬಿಗಿ ಹತ್ತಿದ ಕೂಡ್ಲೆ ಬಿಟ್ಟೀನ್ರಿ. ಹುಲಿಗೆಮ್ಮನ ಆಣಿ."

"ಆಣಿ ಯಾಕ ಹಾಕ್ತಿ? ಕಲಿಸಿದಾಕಿ ನಾನು. ತಪ್ಪೂ ನಂದ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ಮಾತು ಸಾಕಿತ್ತು.

ಬೀಗರಿಗೆ ಬರಬೇಡಿರೆಂದು ಹೇಳಿಕಳಿಸಿದೆವು. ಮೂರನೆಯ ದಿನಕ್ಕೆ ಮೊಣಕಾಲಿನವರೆಗೆ ಬಾವು. ಐದನೆಯ ದಿನ ಮೈ ಕೆಂಡ. ಬಂಡಿಯಲ್ಲಿ ಹುಲ್ಲು ಹಾಸಿ ಕೊಪ್ಪಳದ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಕಾಲನ್ನು ಒತ್ತಿ ನೋಡಿ, ಸೆಪ್ಟಿಕ್ ಆಗಿದೆ ಅಂದರು. ಆಪರೇಷನ್ ಮಾಡಿ ಕೀವು ತೆಗೆಯಬೇಕು, ಆದರೂ ಭರವಸೆ ಕೊಡಲಾರೆ ಅಂದರು.

"ಯಾರ್ರೀ ಇದನ್ನ ಜಗ್ಗಿದವ್ರು?"

ನಿಜ ಹೇಳಲು ನನಗಿದು ಎರಡನೆಯ ಅವಕಾಶ. ಅಕ್ಕನೇ ಉತ್ತರ ಕೊಟ್ಟಳು. "ನಮ್ಮ ಸೊಸೀರಿ. ಆಕೀ ಮನಸು ಎಲ್ಲಿತ್ತೋ ಏನೋ."

ಬಸವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು.

ಇಂಜೆಕ್ಷನ್ ಕೊಟ್ಟರು. ಕೊಯ್ದರು. ಕೀವು ಬಟ್ಟಲು ಬಟ್ಟಲು ಬಂತು. ಊರಿಗೆ ಮರಳಿದ ಮೇಲೆ ಅಕ್ಕ ಬಸವ್ವನಿಗೆ ಕಾಲು ಮುಟ್ಟಲು ಬಿಡಲಿಲ್ಲ. ನೀರನ್ನೂ ನನ್ನ ಕೈಯಿಂದಲೇ ಕುಡಿದಳು. "ನೀ ಒಬ್ಬಾಂವ ಅದಿ ನನಗ" ಅನ್ನುತ್ತಿದ್ದಳು. ನಾನು ಚಂಬು ಹಿಡಿದು ಕುಡಿಸುತ್ತಿದ್ದೆ. ಬಾಯಿ ಬಿಟ್ಟರೆ ಆ ಕೈಯನ್ನೂ ತಳ್ಳಿಬಿಟ್ಟಾಳು ಎಂಬ ಹೆದರಿಕೆ. ನಾರು ಹರಿದ ಹದಿನೆಂಟನೆಯ ದಿನ ಹೋದಳು. ಇಷ್ಟು ದೊಡ್ಡ ಬಾಳಿನಲ್ಲಿ ಅಕ್ಕ ಒಬ್ಬರಿಗೂ ಅನ್ಯಾಯ ಮಾಡಿದವಳಲ್ಲ. ಕಡೆಯ ದಿನಗಳಲ್ಲಿ ಒಂದು ಮಾಡಿದಳು. ಅದನ್ನು ನಾನು ಅವಳ ಕೈಯಿಂದ ಮಾಡಿಸಿದೆ.

ಆಮೇಲೆ ಬಸವ್ವನ ಹತ್ತಿರ ಯಾರೂ ಕಾಲು ತರಲಿಲ್ಲ. ಬಾವಿಯ ಮೆಟ್ಟಿಲಲ್ಲಿ ಹೆಂಗಸರು "ಅಕ್ಕನ್ನ ತಿಂದಾಕಿ" ಅಂದದ್ದು ನನಗೂ ಕೇಳಿಸಿತು. ಅವಳು ಕೊಡ ತುಂಬಿಕೊಂಡು ಬಂದು ಇಳಿಸಿ, ಮತ್ತೆ ಹೋಗುತ್ತಿದ್ದಳು.

ಮರುವರ್ಷ ಬೇಸಿಗೆಗೆ ನನ್ನ ಕಾಲಿನ ಮೀನಗಂಡದಲ್ಲಿ ಬೊಕ್ಕೆ ಎದ್ದಿತು.

ಕಟ್ಟೆಯ ಮೇಲೆ ಕೂತು ಬಸವ್ವನನ್ನು ಕರೆದೆ. ಪಕ್ಕದ ಮನೆಯ ಸಂಗವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಏ ಶಿವಪ್ಪಾ, ಆಕೀ ಕೈಗೆ ಕೊಡ್ತೀ? ಜೀವ ಬ್ಯಾಸರಾಗೈತೇನು?"

"ಅಕ್ಕಂದು ಹರದಾಕಿ ಇಕಿ ಅಲ್ಲ, ಸಂಗವ್ವಾ. ನಾನು. ಇಕಿ ಹೊಲದಾಗಿದ್ಲು. ನಾ ಜಗ್ಗಿ ಹರದು, ಮತ್ತ ಕಟ್ಟಿಟ್ಟಿದ್ನಿ."

ಬಸವ್ವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಕ್ಕಾರ ಇದ್ದಾಗ ಹೇಳಬೇಕಿತ್ರಿ."

"ಹೌದು."

"ಅವರು ನನ್ನ ಕೈಯಾಗ ಒಂದು ಗುಟುಕು ನೀರು ಕುಡೀಲಿಲ್ಲ." ನನ್ನೆದುರು ಕೂತು, "ಕಾಲ ಚಾಚ್ರಿ" ಅಂದಳು.

ಇಪ್ಪತ್ತೆರಡು ದಿನ ಹಿಡಿಯಿತು. ದಿನಾ ಬೆಳಿಗ್ಗೆ ಅವಳು ಕಡ್ಡಿ ಹಿಡಿದಾಗ, ಒಂದು ಜಗ್ಗಿಗೆ ಇವಳ ಲೆಕ್ಕ ತೀರುತ್ತದೆ ಅಂದುಕೊಳ್ಳುತ್ತಿದ್ದೆ. ಅದು ಅವಳಿಗೆ ತಿಳಿಯಿತೋ ಏನೋ, ಒಂದು ದಿನ ತಲೆ ಎತ್ತದೆಯೇ ಕೇಳಿದಳು.

"ಜಗ್ಗಿಬಿಡ್ಲೇನ್ರಿ?"

ಬಿಗಿ ಹತ್ತಿದಲ್ಲಿ ನಿಲ್ಲಿಸಿ, ಹರಳೆಣ್ಣೆ ಹಚ್ಚಿ, ಅರಿವೆ ಕಟ್ಟಿ ಎದ್ದಳು.

ಈಗ ನನ್ನ ಕಾಲು ನೆಟ್ಟಗಿದೆ. ಹೊಲಕ್ಕೆ ನಡೆದೇ ಹೋಗುತ್ತೇನೆ. ಬಸವ್ವ ಬೇಕಾದಷ್ಟೇ ಮಾತಾಡುತ್ತಾಳೆ. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ. ನಿನ್ನೆ ಸಂಗವ್ವ, ಕಾಲಲ್ಲಿ ಬೊಕ್ಕೆ ಎದ್ದ ತನ್ನ ಮಗಳನ್ನು ಕರೆತಂದು ಬಸವ್ವನ ಮುಂದೆ ಕೂರಿಸಿದಳು. ನಾನು ನೀರು ಕಾಯಿಸಿ ತಂದಿಟ್ಟು, ಹೊರಗೆ ಹೋದೆ.