ಒಂದೇ ತೂಕದ ಜೋಡಿ

ಚಳ್ಳಕೆರೆಯ ಹಳೆಯ ಶೇಂಗಾ ಗೋದಾಮಿನಲ್ಲಿ ನನ್ನ ಮಗಳು ಜೂಡೋ ಕಲಿಯುತ್ತಾಳೆ. ಅಲ್ಲಿ ಮಕ್ಕಳನ್ನು ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಒಂದೇ ತೂಕದವರನ್ನು ಜೋಡಿ ಮಾಡುತ್ತಾರೆ. ಮೊದಲ ದಿನ ಅವಳ ತೂಕಕ್ಕೆ ಸಿಕ್ಕವನು ಒಬ್ಬ ಹುಡುಗ.

"ಗಂಡು ಹುಡುಗನ ಜತೆ ಬ್ಯಾಡ್ರಿ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದು ಕೋಚ್ ಮೇಲೆ ರೇಗಿದೆ.

"ತಡ್ಕೊಳ್ಳಾಕೆ ಆಗದಿದ್ರೆ ಮ್ಯಾಟ್ ತಟ್ಟಬೇಕು, ತಟ್ಟಿದ ತಕ್ಷಣ ಬಿಡಬೇಕು. ಇಬ್ರಿಗೂ ಅದೇ ರೂಲ್ ಐತೆ" ಎಂದರು.

ತಿಂಗಳೊಳಗೆ ಒಂದು ದಿನ ಮಗಳೇ ಅವನನ್ನು ಕೆಡವಿ ಎದೆಯ ಮೇಲೆ ಒರಗಿ ಅದುಮಿ ಹಿಡಿದಳು. ಹುಡುಗನ ಮುಖ ಕೆಂಪಾಯಿತು. ಹುಡುಗಿಯ ಕೈಯಲ್ಲಿ ಸೋಲಲು ನಾಚಿಕೆಯೇನೋ, ಅವನು ಮ್ಯಾಟ್ ತಟ್ಟಲಿಲ್ಲ. ನಾನಂತೂ ಬೆಂಚಿನಿಂದ ಎದ್ದು, "ಬಿಡಬ್ಯಾಡ ಕಣೇ, ಹಿಡ್ಕೋ!" ಎಂದು ಕೂಗುತ್ತಿದ್ದೆ. ಅವಳು ಅವನ ಮುಖ ನೋಡಿ ತಾನಾಗಿಯೇ ಕೈ ಬಿಟ್ಟಳು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿದಳು: "ಅವ್ವ, ಅವನಿಗೆ ಉಸಿರು ಕಟ್ಟಿತ್ತು. ಹೆಚ್ಚುಕಮ್ಮಿ ಆಗಿದ್ರೆ ಯಾರು ಹೊಣೆ?"

ಆ ಜೋಡಿ ಈಗಲೂ ಹಾಗೇ ಇದೆ. ಇಬ್ಬರೂ ನಾಚದೆ ಮ್ಯಾಟ್ ತಟ್ಟುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂರುವುದನ್ನು ಕಲಿಯುತ್ತಿದ್ದೇನೆ.